ಹಕ್ಕಲು ದ್ರಾಕ್ಷಿಯ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಗರ್ವ ಅಂದ ಕೂಡಲೇ ನಮಗೆ ದೊಡ್ಡ ಮನೆ, ದೊಡ್ಡ ಕಾರು, ದೊಡ್ಡ ಕುರ್ಚಿ ನೆನಪಾಗುತ್ತವೆ. ಅವು ನಮ್ಮ ಹತ್ತಿರ ಇಲ್ಲ, ಹಾಗಾಗಿ ಗರ್ವವೂ ನಮಗಿಲ್ಲ ಅಂದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತೇವೆ. ಆದರೆ ಸತ್ಯವೇದ, ಅಂದರೆ ಬೈಬಲ್, ಗರ್ವವನ್ನು ಹುಡುಕುವುದು ಜಾಸ್ತಿ ನಮ್ಮ ಬಾಯಲ್ಲಿ. ಯಾರಾದರೂ ನಮ್ಮನ್ನು ಕೆಣಕಿದರೆ, ನಮ್ಮ ಮೇಲೆ ತಪ್ಪು ಹೊರಿಸಿದರೆ, ಆ ಗಳಿಗೆಯಲ್ಲಿ ನಾವು ಏನು ಉತ್ತರ ಕೊಡುತ್ತೇವೆ? ಗರ್ವ ಇದೆಯೋ ಇಲ್ಲವೋ ಅಲ್ಲಿ ಗೊತ್ತಾಗಿಬಿಡುತ್ತದೆ.

ಅಂಥ ಒಂದು ಉತ್ತರ ನ್ಯಾಯಸ್ಥಾಪಕರು ಪುಸ್ತಕದ ಎಂಟನೇ ಅಧ್ಯಾಯದಲ್ಲಿದೆ. ಗಿದ್ಯೋನ ಕೊಟ್ಟ ಉತ್ತರ.

ಕಥೆ ನಿಮಗೆ ಗೊತ್ತು. ಮಿದ್ಯಾನ್ಯರು ಇಸ್ರಾಯೇಲ್ಯರನ್ನು 7 ವರ್ಷ ಕಾಡಿದ್ದರು. ಬೆಳೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಬಂದು ದೋಚಿಕೊಂಡು ಹೋಗುತ್ತಿದ್ದರು. ಗಿದ್ಯೋನ ಬರೀ 300 ಜನರನ್ನು ಕಟ್ಟಿಕೊಂಡು, ಕೊಂಬು, ಮಡಕೆ, ಪಂಜು ಹಿಡಿದು ರಾತ್ರಿಯಲ್ಲಿ ಹೋಗಿ ಅವರನ್ನು ಓಡಿಸಿದ. ಓಡುವವರನ್ನು ಯೊರ್ದನ್ ಹೊಳೆಯ ಹತ್ತಿರ ಅಡ್ಡಗಟ್ಟಲು ಇಸ್ರಾಯೇಲ್ಯರದೇ ಒಂದು ಕುಲವಾದ ಎಫ್ರಾಯೀಮ್ಯರಿಗೆ ಹೇಳಿ ಕಳಿಸಿದ. ಅವರು ಬಂದು ಓರೇಬ್, ಜೇಬ್ ಎಂಬ ಇಬ್ಬರು ಮಿದ್ಯಾನ್ ಸರದಾರರನ್ನು ಹಿಡಿದು ಕೊಂದರು. ಅಲ್ಲಿಗೆ ಎಲ್ಲರೂ ಖುಷಿಯಾಗಿ ಮನೆಗೆ ಹೋಗಬೇಕಿತ್ತು. ಆದರೆ ಎಫ್ರಾಯೀಮ್ಯರು ನೇರವಾಗಿ ಗಿದ್ಯೋನನ ಮೇಲೆ ಜಗಳಕ್ಕೆ ಬಂದರು. ಯುದ್ಧಕ್ಕೆ ಹೊರಟಾಗ ನಮ್ಮನ್ನು ಯಾಕೆ ಕರೆಯಲಿಲ್ಲ?

ಇದು ನಮ್ಮ ಊರುಗಳ ಜಗಳವೇ ಅಲ್ವಾ? ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯಿತು. ಕಮಿಟಿ ಮೀಟಿಂಗ್‌ಗೆ ಹೇಳಿ ಕಳಿಸಲಿಲ್ಲ. ಸಭೆಯ ಕಟ್ಟಡಕ್ಕೆ ಕಲ್ಲು ಹಾಕುವಾಗ ನಮ್ಮ ಮನೆಯವರನ್ನು ವೇದಿಕೆಗೆ ಕರೆಯಲಿಲ್ಲ. ಆಗಬೇಕಾದ ಕೆಲಸ ಚೆನ್ನಾಗಿಯೇ ಆಗಿರುತ್ತದೆ. ಆದರೂ ನಮ್ಮನ್ನು ಯಾಕೆ ಕರೆಯಲಿಲ್ಲ ಅನ್ನುವ ಒಂದು ಪ್ರಶ್ನೆಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ.

ಗಿದ್ಯೋನನಿಗೆ ಹೇಳಲು ಬೇಕಾದಷ್ಟಿತ್ತು. ಏಳು ವರ್ಷ ನೀವೆಲ್ಲಿದ್ದಿರಿ ಎಂದು ಕೇಳಬಹುದಿತ್ತು. ಜೀವ ಪಣಕ್ಕಿಟ್ಟವನು ನಾನು ಅನ್ನಬಹುದಿತ್ತು. ಅವನು ಹಾಗೆ ಅನ್ನಲಿಲ್ಲ. ನೀವು ಮಾಡಿದ್ದರ ಮುಂದೆ ನಾನು ಮಾಡಿದ್ದು ಎಷ್ಟರದು, ನಮ್ಮ ಅಬೀಯೆಜೆರನ ಮನೆಯವರ ಇಡೀ ದ್ರಾಕ್ಷಿ ಸುಗ್ಗಿಗಿಂತ ಎಫ್ರಾಯೀಮ್ಯರ ಹಕ್ಕಲೇ ಹೆಚ್ಚಲ್ಲವೇ, ಆ ಇಬ್ಬರು ಸರದಾರರನ್ನು ದೇವರು ನಿಮ್ಮ ಕೈಗೆ ಕೊಟ್ಟನಲ್ಲವೇ ಅಂದ. ಅಷ್ಟಕ್ಕೇ ಅವರ ಸಿಟ್ಟು ಇಳಿಯಿತು.

ಚಿಕ್ಕಬಳ್ಳಾಪುರದ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನಂದಿ ಬೆಟ್ಟದ ಸುತ್ತಮುತ್ತ ದಿಲ್‌ಖುಷ್, ಬೆಂಗಳೂರು ಬ್ಲೂ ಬೆಳೆಯುವವರು ನೀವು. ತೋಟವನ್ನೆಲ್ಲ ಕೊಯ್ದು, ಬುಟ್ಟಿಗಳನ್ನು ಗಾಡಿಗೆ ತುಂಬಿ ಕಳಿಸಿದ ಮೇಲೂ ಎಲೆ ಮರೆಯಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಉಳಿದಿರುತ್ತದೆ. ಅರ್ಧ ಬಾಡಿರುತ್ತದೆ, ಕಾಳು ಉದುರಿರುತ್ತವೆ. ಅದೇ ಹಕ್ಕಲು. ಪಾವಗಡದ ಕಡೆ ಕಡಲೆಕಾಯಿ ಕಿತ್ತ ಹೊಲದಲ್ಲಿ ಹೆಂಗಸರು, ಮಕ್ಕಳು ಮಣ್ಣು ಕೆದಕಿ ಆಯ್ದುಕೊಳ್ಳುವುದೂ ಅದೇ. ನನ್ನ ಒಂದು ವರ್ಷದ ಬೆಳೆಗಿಂತ ನಿನ್ನ ತೋಟದ ಹಕ್ಕಲೇ ಜಾಸ್ತಿ ಎಂದು ಒಬ್ಬ ಬೆಳೆಗಾರ ಇನ್ನೊಬ್ಬನಿಗೆ ಹೇಳುವುದನ್ನು ಊಹಿಸಿಕೊಳ್ಳಿ. ಅದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು!

ಇದು ಬೆಣ್ಣೆ ಹಚ್ಚುವ ಮಾತಲ್ಲ. ಎಫ್ರಾಯೀಮ್ಯರು ಆ ಇಬ್ಬರನ್ನು ಹಿಡಿದದ್ದು ನಿಜ. ಗಿದ್ಯೋನ ಸುಳ್ಳು ಹೇಳಲಿಲ್ಲ. ನಿಜದಲ್ಲಿ ಅವರ ಪಾಲು ಎಷ್ಟಿತ್ತೋ ಅದನ್ನು ಮುಂದಕ್ಕೆ ಹಿಡಿದ, ತನ್ನ ಪಾಲನ್ನು ಹಿಂದಕ್ಕೆ ಇಟ್ಟ. ಮೃದುವಾದ ಉತ್ತರ ಕೋಪವನ್ನು ಆರಿಸುತ್ತದೆ ಎಂದು ಜ್ಞಾನೋಕ್ತಿಗಳು 15ನೇ ಅಧ್ಯಾಯದ ಮೊದಲ ವಚನ ಹೇಳುತ್ತದೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಆ ವಚನ ತೂಗುತ್ತಿರುತ್ತದೆ. ಆದರೆ ಮೃದುವಾದ ಉತ್ತರ ಎಲ್ಲಿಂದ ಬರುತ್ತದೆ? ದನಿ ತಗ್ಗಿಸಿದ ಮಾತ್ರಕ್ಕೆ ಬರುವುದಿಲ್ಲ. ತಗ್ಗಿದ ದನಿಯಲ್ಲೇ ಚುಚ್ಚುವವರನ್ನು ನಾವೆಲ್ಲ ನೋಡಿದ್ದೇವೆ. ಹೆಸರು ನನಗೆ ಬರಲೇಬೇಕು ಅನ್ನುವ ಹಟ ಬಿಟ್ಟವನ ಬಾಯಿಂದ ಮಾತ್ರ ಅದು ಬರುತ್ತದೆ.

ಗಿದ್ಯೋನನಿಗೆ ಅದು ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ ಹಿಂದಿನ ಅಧ್ಯಾಯ ನೋಡಬೇಕು. ಮೊದಲು ಅವನ ಹತ್ತಿರ ಇದ್ದದ್ದು 32,000 ಜನ. ಹೆದರಿದವರು ಮನೆಗೆ ಹೋಗಲಿ ಎಂದಾಗ 22,000 ಜನ ಹೊರಟರು. ಉಳಿದ 10,000ವೂ ಜಾಸ್ತಿಯಾಯಿತು ಎಂದು ದೇವರು 300ಕ್ಕೆ ಇಳಿಸಿದ. ಕಾರಣವನ್ನೂ ಹೇಳಿದ. ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು ಎಂದು ಇವರು ಕೊಚ್ಚಿಕೊಳ್ಳಬಾರದು. ಗೆದ್ದದ್ದು ತನ್ನ ತೋಳಿನಿಂದಲ್ಲ ಎಂದು ಗಿದ್ಯೋನನಿಗೆ ಚೆನ್ನಾಗಿ ಗೊತ್ತಿತ್ತು. ತನ್ನದಲ್ಲದ್ದನ್ನು ಹಂಚಲು ಅವನಿಗೆ ಕಷ್ಟವಾಗಲಿಲ್ಲ. ನಿನಗೆ ಕೊಡಲ್ಪಡದೆ ಇರುವಂಥದ್ದು ನಿನ್ನ ಹತ್ತಿರ ಏನಿದೆ ಎಂದು ಪೌಲನು ಕೊರಿಂಥದವರನ್ನು ಕೇಳಿದ್ದೂ ಇದನ್ನೇ.

ಈಗ ಅದೇ ಪುಸ್ತಕದ 12ನೇ ಅಧ್ಯಾಯಕ್ಕೆ ಬನ್ನಿ. ಅದೇ ಎಫ್ರಾಯೀಮ್ಯರು, ಅದೇ ದೂರು. ಈ ಸಲ ಅವರ ಮುಂದೆ ನಿಂತವನು ಗಿಲ್ಯಾದಿನ ಯೆಫ್ತಾಹ. ಅಮ್ಮೋನಿಯರನ್ನು ಸೋಲಿಸಿ ಬಂದಿದ್ದ. ನಮ್ಮನ್ನು ಯಾಕೆ ಕರೆಯಲಿಲ್ಲ, ನಿನ್ನನ್ನು ಮನೆಯ ಸಮೇತ ಸುಟ್ಟುಬಿಡುತ್ತೇವೆ ಎಂದರು. ಅವರದೇ ತಪ್ಪು, ಅನುಮಾನವಿಲ್ಲ. ಆದರೆ ಯೆಫ್ತಾಹನ ಉತ್ತರ ಕೇಳಿ. ನಾನು ಕರೆದೆ, ನೀವು ಬರಲಿಲ್ಲ. ನಾನು ಜೀವವನ್ನು ಕೈಯಲ್ಲಿ ಹಿಡಿದು ಹೋದೆ. ಅವನು ಹೇಳಿದ್ದರಲ್ಲಿ ಸುಳ್ಳಿದೆ ಎಂದು ನನಗೆ ಅನಿಸುವುದಿಲ್ಲ. ಆದರೆ ಅಲ್ಲಿ ಎದುರಿನವರಿಗೆ ನಿಲ್ಲಲು ಒಂದಡಿ ಜಾಗವೂ ಇಲ್ಲ. ಮಾತು ಕತ್ತಿಗೆ ಹೋಯಿತು. ಎಫ್ರಾಯೀಮ್ಯರಲ್ಲಿ 42,000 ಜನ ಸತ್ತರು.

ಯೆಫ್ತಾಹನ ಮೇಲೆ ನನಗೆ ಸಿಟ್ಟಿಗಿಂತ ಮರುಕ ಜಾಸ್ತಿ. ವೇಶ್ಯೆಯ ಮಗ ಎಂದು ಅವನ ಅಣ್ಣತಮ್ಮಂದಿರೇ ಅವನನ್ನು ಮನೆಯಿಂದ ಓಡಿಸಿದ್ದರು. ಈಗ ಎಫ್ರಾಯೀಮ್ಯರು ಬಂದು ಗಿಲ್ಯಾದ್ಯರೆಲ್ಲ ಓಡಿಬಂದವರು ಎಂದು ಹಂಗಿಸಿದರು. ಹಳೇ ಗಾಯಕ್ಕೇ ಕೈ ಹಾಕಿದರು. ನಮ್ಮಲ್ಲಿಯೂ ಎಷ್ಟೋ ಸಲ ಗರ್ವದಂತೆ ಕಾಣುವ ಮಾತಿನ ಕೆಳಗೆ ಹಳೇ ಅವಮಾನ ಇರುತ್ತದೆ. ಚಿಕ್ಕಂದಿನಲ್ಲಿ ಯಾರದೋ ಮನೆಯ ಹೊರಗೆ ನಿಂತವನು ದೊಡ್ಡವನಾದ ಮೇಲೆ ಒಂದು ಚಿಕ್ಕ ಮಾತನ್ನೂ ತಡೆದುಕೊಳ್ಳಲಾರ. ಹಾಗೆ ರೇಗುವವರನ್ನು ಸುಮ್ನೆ ಅಹಂಕಾರಿ ಎಂದು ಬದಿಗೆ ಸರಿಸಬೇಡಿ. ಹಾಗೆ ರೇಗುವವರು ನಾವೇ ಆಗಿದ್ದರೆ, ಆ ಗಾಯವನ್ನು ದೇವರ ಮುಂದೆ ಬಿಚ್ಚಿಡಬೇಕು. ಎದುರಿಗೆ ಬಂದವರ ಮೇಲೆ ಅದನ್ನು ತೀರಿಸಿಕೊಂಡರೆ ಅದು ವಾಸಿಯಾಗುವುದಿಲ್ಲ.

ಆ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಸೋತು ಓಡುತ್ತಿದ್ದ ಎಫ್ರಾಯೀಮ್ಯರನ್ನು ಹೊಳೆಯ ಹತ್ತಿರ ಗಿಲ್ಯಾದ್ಯರು ಗುರುತು ಹಿಡಿದದ್ದು ಉಚ್ಚಾರಣೆಯಿಂದ. ಒಂದು ಅಕ್ಷರ ಸರಿಯಾಗಿ ಹೊರಳದೆ ಇದ್ದವನ ತಲೆ ಹೋಯಿತು. ಕೋಲಾರ, ಕೆಜಿಎಫ್, ಬಾಗೇಪಲ್ಲಿ ಕಡೆಯ ನಮಗೆ ಇದು ತಟ್ಟಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಅನ್ನುವ ಊರುಗಳು ನಮ್ಮವು. ಭಾನುವಾರ ಒಬ್ಬ ಹುಡುಗ ಪಾಠ ಓದಲು ನಿಲ್ಲುತ್ತಾನೆ. ಹಳೇ ಅನುವಾದದ ಉದ್ದುದ್ದ ಪದಗಳಲ್ಲಿ ಎಡವುತ್ತಾನೆ. ಹಿಂದಿನ ಸಾಲಿನಿಂದ ಒಂದು ಕಿಸಕ್ ಎನ್ನುವ ನಗು. ಅವನು ಮತ್ತೆ ಓದಲು ನಿಲ್ಲುವುದಿಲ್ಲ. ನಕ್ಕವರಿಗೆ ಅದು ನೆನಪೂ ಇರುವುದಿಲ್ಲ.

ಇನ್ನು ನಮ್ಮ ಸುಗ್ಗಿ ಹಬ್ಬದ ಹರಾಜು. ನನಗೆ ತುಂಬಾ ಇಷ್ಟವಾದ ದಿನ ಅದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆಗೊನೆ, ಕೋಳಿ, ರಾಗಿ, ಟೊಮೆಟೊ ಬಾಕ್ಸ್, ಮನೆಯಲ್ಲಿ ಮಾಡಿದ ಕೇಕ್ ಎಲ್ಲ ಸಾಲಾಗಿ ಇಟ್ಟಿರುತ್ತಾರೆ. ಒಂದು ಸಭೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಂದು ಕುಂಬಳಕಾಯಿ ಹರಾಜಿಗೆ ಬಂತು. ಇಬ್ಬರು ಹಿರಿಯರು ಕೂಗಿದರು. ಐನೂರು, ಸಾವಿರ, ಎರಡು ಸಾವಿರ. ಮಕ್ಕಳೆಲ್ಲ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಕುಂಬಳಕಾಯಿ ಕಡೆ ನೋಡುವುದನ್ನೇ ಬಿಟ್ಟರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗೆದ್ದವರು ಮೈಕ್ ಹಿಡಿದು, ನಮ್ಮ ತಂದೆಯ ಕಾಲದಿಂದಲೂ ಈ ಸಭೆಗೆ ನಮ್ಮ ಮನೆಯೇ ಮುಂದು ಎಂದು ನಾಲ್ಕು ಮಾತಾಡಿದರು. ಸೋತವರು ಕಾಣಿಕೆಯನ್ನೂ ಹಾಕದೆ ಗೇಟಿನ ಕಡೆ ನಡೆದರು. ಅದಾದ ಮೇಲೆ ಒಬ್ಬ ಅಜ್ಜಿ ತನ್ನ ಸೆರಗಿನಲ್ಲಿ ತಂದಿದ್ದ ಅವರೆಕಾಯಿ ಹರಾಜಿಗೆ ಬಂತು. ಗದ್ದಲದಲ್ಲಿ ತಂದವರ ಹೆಸರು ಹೇಳುವುದನ್ನೇ ಮರೆತರು. ಅಜ್ಜಿ ಮಾತ್ರ ಅದನ್ನು ಕೊಂಡವರ ಹತ್ತಿರ ಹೋಗಿ, ಇವತ್ತೇ ಸಾರು ಮಾಡಿಬಿಡಮ್ಮ, ಎಳೇದಿದೆ ಅಂದರು.

ಹರಾಜು ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ದುಡ್ಡಿನಿಂದ ಎಷ್ಟೋ ಒಳ್ಳೆಯ ಕೆಲಸ ಆಗುತ್ತದೆ. ನಿನ್ನ ಬಾಯೇ ನಿನ್ನನ್ನು ಹೊಗಳದಿರಲಿ, ಬೇರೆಯವರು ಹೊಗಳಲಿ ಎನ್ನುತ್ತದೆ ಜ್ಞಾನೋಕ್ತಿ 27ನೇ ಅಧ್ಯಾಯ. ದುಡ್ಡು ಕೊಟ್ಟು ಸುಮ್ನೆ ಕೂತಿದ್ದರೆ ಆ ಹಿರಿಯರನ್ನು ಸಭೆಯೇ ಹೊಗಳುತ್ತಿತ್ತು.

ಇದಕ್ಕಿಂತ ಅಪಾಯದ ಮಾತು ಪ್ರಾರ್ಥನೆಯ ಹೆಸರಿನಲ್ಲಿ ಆಡುವ ಮಾತು. ಯೇಸು ಹೇಳಿದ ಸಾಮ್ಯದಲ್ಲಿ ಧರ್ಮನಿಷ್ಠನೆನಿಸಿಕೊಂಡ ಫರಿಸಾಯನು ದೇವಾಲಯದಲ್ಲಿ ನಿಂತು, ನಾನು ಈ ಸುಂಕದವನ ಹಾಗಲ್ಲ ಎಂದದ್ದು ಪ್ರಾರ್ಥನೆಯಲ್ಲೇ. ನಮ್ಮ ಮನೆ ಕೂಟಗಳಲ್ಲಿ ಅದು ಬೇರೆ ವೇಷದಲ್ಲಿ ಬರುತ್ತದೆ. ಸುಮ್ನೆ ಹೇಳ್ತಿಲ್ಲ ಅಕ್ಕ, ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಅವರ ಮಗಳು ಹೀಗಂತೆ, ಗಂಡ ಮತ್ತೆ ಕುಡಿಯೋಕೆ ಶುರು ಮಾಡಿದ್ದಾರಂತೆ. ಬೆಳಗಾಗುವ ಹೊತ್ತಿಗೆ ಅದು ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನೆ ವಿಷಯ ಆಗಿರುತ್ತದೆ. ಆ ಮನೆಯವರು ಭಾನುವಾರ ಬಂದಾಗ ಎಲ್ಲರ ಕಣ್ಣೂ ಅವರ ಮೇಲೆ. ನಾವು ಅಂಥವರಲ್ಲ ಅನ್ನುವ ಸಮಾಧಾನ ಹೇಳಿದವರಿಗೂ ಸಿಗುತ್ತದೆ, ಕೇಳಿದವರಿಗೂ ಸಿಗುತ್ತದೆ. ಗರ್ವಕ್ಕೆ ಇಷ್ಟು ಸುಲಭವಾದ ಊಟ ಬೇರೆ ಇಲ್ಲ. ಕಟ್ಟಿಗೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರನಿಲ್ಲದಿದ್ದರೆ ಜಗಳ ಶಮನವಾಗುತ್ತದೆ ಎಂದು ಜ್ಞಾನೋಕ್ತಿ 26 ಹೇಳುತ್ತದೆ. ಯಾರಾದರೂ ಹಾಗೆ ಶುರು ಮಾಡಿದರೆ, ಬನ್ನಿ ಅಕ್ಕ, ಇಬ್ಬರೂ ಅವರ ಮನೆಗೇ ಹೋಗಿ ಪ್ರಾರ್ಥನೆ ಮಾಡೋಣ ಎಂದು ಹೇಳಿ ನೋಡಿ. ನಿಜವಾದ ಕಾಳಜಿ ಇದ್ದವರು ಚಪ್ಪಲಿ ಹಾಕಿಕೊಳ್ಳುತ್ತಾರೆ. ಇಲ್ಲದವರು ಮಾತು ಬದಲಾಯಿಸುತ್ತಾರೆ.

ಗಿದ್ಯೋನನ ಕಥೆಯನ್ನು ನಾನು ಪೂರ್ತಿ ಹೇಳಿಲ್ಲ. ಹಕ್ಕಲಿನ ಮಾತು ಆಡಿದ ಅದೇ ಅಧ್ಯಾಯದಲ್ಲಿ ಅವನು ಹಸಿದ 300 ಜನರೊಂದಿಗೆ ಸುಕ್ಕೋತ್ ಎಂಬ ಊರಿಗೆ ಬಂದು ರೊಟ್ಟಿ ಕೇಳಿದ. ಅವರು ಕೊಡಲಿಲ್ಲ, ಹಂಗಿಸಿದರು. ಗೆದ್ದು ಬಂದ ಮೇಲೆ ಮುಳ್ಳುಗಳಿಂದ ನಿಮ್ಮ ಮೈ ಹರಿಯುತ್ತೇನೆ ಅಂದ. ಅಂದ ಹಾಗೇ ಮಾಡಿದ. ಹಾಗೇ ರೊಟ್ಟಿ ಕೊಡದೆ ಇದ್ದ ಪೆನೂವೇಲ್ ಊರಿನ ಬುರುಜನ್ನು ಕೆಡವಿ, ಊರಿನ ಗಂಡಸರನ್ನು ಕೊಂದ. ಎಫ್ರಾಯೀಮ್ ದೊಡ್ಡ ಕುಲ. ಸುಕ್ಕೋತ್, ಪೆನೂವೇಲ್ ಸಣ್ಣ ಊರುಗಳು. ದೊಡ್ಡವರ ಮುಂದೆ ಬಂದ ಮೃದು ಮಾತು ಚಿಕ್ಕವರ ಮುಂದೆ ಬರಲಿಲ್ಲ.

ನನ್ನನ್ನು ಕಾಡುವುದು ಇದೇ ಭಾಗ. ನಾವೂ ಹಾಗೇ ಅಲ್ವಾ? ಬಿಷಪ್ ಬಂದರೆ, ಎಂಎಲ್‌ಎ ಬಂದರೆ, ಬ್ಯಾಂಕ್ ಮ್ಯಾನೇಜರ್ ಬಂದರೆ ನಮ್ಮ ನಾಲಿಗೆ ಜೇನು. ಅದು ವಿನಯವೋ ಲೆಕ್ಕಾಚಾರವೋ ಎಂದು ತಿಳಿಯಬೇಕಾದರೆ, ಅದೇ ದಿನ ಮನೆಗೆಲಸದ ಅಮ್ಮನ ಹತ್ತಿರ ಹೇಗೆ ಮಾತಾಡಿದೆವು, ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವ ಹುಡುಗನನ್ನು ಏನೆಂದು ಕರೆದೆವು, ಗೇಟಿನಲ್ಲಿ ಗಾಡಿ ಅಡ್ಡ ನಿಲ್ಲಿಸಿದವನಿಗೆ ಏನಂದೆವು ಎಂದು ನೋಡಬೇಕು. ಯಾಕೋಬನು ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಇದೇ ನಾಲಿಗೆಯಿಂದ ತಂದೆಯಾದ ದೇವರನ್ನು ಕೊಂಡಾಡುತ್ತೇವೆ, ಇದರಿಂದಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ. ಒಳಗೆ ಸ್ತೋತ್ರ ಎಂದ ಬಾಯಿ, ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಲೇ ಎಂದು ಕೂಗುತ್ತದೆ.

ಮನೆಯೊಳಗಿನ ಮಾತೂ ಇದಕ್ಕೇ ಸೇರಿದ್ದು. ಹೊರಗೆ ಎಲ್ಲರಿಗೂ ಬಹುವಚನ, ಹೆಂಡತಿಗೆ ಮಾತ್ರ ಗದರಿಕೆ. ನಿನಗೇನು ಗೊತ್ತಾಗುತ್ತೆ ಅನ್ನುವ ಒಂದು ಮಾತಿನಿಂದ ಎಷ್ಟು ಹೆಣ್ಣುಮಕ್ಕಳು ತಮ್ಮ ಅಭಿಪ್ರಾಯ ಹೇಳುವುದನ್ನೇ ನಿಲ್ಲಿಸಿದ್ದಾರೆ! ಕೇಳುವುದಕ್ಕೆ ಮುಂಚೆ ಉತ್ತರ ಕೊಡುವುದು ಮೂರ್ಖತನ, ಅವಮಾನ ಎಂದು ಜ್ಞಾನೋಕ್ತಿ 18 ಹೇಳುವುದು ಗಂಡಂದಿರಿಗೂ ಸೇರಿಸಿಯೇ. ಅತ್ತೆಯಂದಿರಿಗೂ, ಹಿರಿಯ ಅಧಿಕಾರಿಗಳಿಗೂ, ಪೀಠದಿಂದ ಮಾತಾಡುವವರಿಗೂ ಸೇರಿಸಿಯೇ.

ನಾಲಿಗೆಯನ್ನು ಯಾವ ಮನುಷ್ಯನೂ ಹತೋಟಿಗೆ ತರಲಾರ ಎಂದು ಯಾಕೋಬನೇ ಹೇಳಿದ್ದಾನೆ. ಹಾಗಾಗಿ ಇದನ್ನು ಸ್ವಂತ ಶಕ್ತಿಯಿಂದ ಸಾಧಿಸಿಬಿಡಿ ಎಂದು ನಾನು ಹೇಳಲಾರೆ. ಬೈದಾಗ ತಿರುಗಿ ಬೈಯದೆ, ನ್ಯಾಯವಾಗಿ ತೀರ್ಪು ಮಾಡುವವನಿಗೆ ತನ್ನನ್ನು ಒಪ್ಪಿಸಿಕೊಟ್ಟ ಕ್ರಿಸ್ತನ ಹತ್ತಿರ ದಿನಾ ಹೋಗಿ ಕೇಳಬೇಕಾದ ಸಂಗತಿ ಇದು. ಕೇಳುತ್ತಲೇ ಕೆಲವು ಸಣ್ಣ ಅಭ್ಯಾಸ ಇಟ್ಟುಕೊಳ್ಳಬಹುದು. ಸಿಟ್ಟಿನಲ್ಲಿ ಟೈಪ್ ಮಾಡಿದ ಮೆಸೇಜನ್ನು ಬೆಳಗ್ಗೆ ತನಕ ಕಳಿಸದೆ ಇಡಬಹುದು. ದೂರು ಹೇಳಲು ಬಂದವರಿಗೆ ಮೊದಲು ಒಂದು ಲೋಟ ಕಾಫಿ ಕೊಟ್ಟು, ಅವರು ಪೂರ್ತಿ ಹೇಳುವ ತನಕ ಕೇಳಬಹುದು. ಅವರ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಳ್ಳಬಹುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಳ್ಳಿಯ ಹಿರಿಯರು ಸುಮ್ನೆ ಹೇಳಲಿಲ್ಲ.

ಸಭೆಯ ಕಾರ್ಯದರ್ಶಿಗಳಿಗೆ, ಹಬ್ಬಗಳಲ್ಲಿ ವಂದನಾರ್ಪಣೆ ಮಾಡುವವರಿಗೆ ನನ್ನದೊಂದು ಬಿನ್ನಹ. ಮುಂದಿನ ಸಲ ಹೆಸರುಗಳ ಚೀಟಿ ಬರೆಯುವಾಗ, ಬೆಳಗಿನ ಜಾವ ಬಂದು ದೇವಾಲಯ ಗುಡಿಸುವ ಅಮ್ಮನ ಹೆಸರು, ಪಾತ್ರೆ ತೊಳೆದವರ ಹೆಸರು, ಮಕ್ಕಳಿಗೆ ಸಂಡೇ ಸ್ಕೂಲ್‌ನಲ್ಲಿ ವಚನ ಬಾಯಿಪಾಠ ಮಾಡಿಸಿದ ಅಕ್ಕಂದಿರ ಹೆಸರು ಕೇಳಿ ತಿಳಿದುಕೊಂಡು ಬರೆದುಕೊಳ್ಳಿ. ಚೀಟಿಯಲ್ಲಿ ಜಾಗ ಸಾಲದಿದ್ದರೆ ಅತಿಥಿಗಳ ಬಿರುದು ಬಾವಲಿಗಳನ್ನು ಸ್ವಲ್ಪ ಕಡಿಮೆ ಮಾಡಿ. ಇವರ ಹೆಸರುಗಳನ್ನು ಮೊದಲು ಓದಿ, ನಿಧಾನವಾಗಿ ಓದಿ.

ನಮಸ್ಕಾರ.