ಖಾಲಿ ಜಾಗ ಬಿಟ್ಟ ತಮಾಷೆ

ಕೇಳುಗರೇ, ನಮಸ್ಕಾರ.

ಕಾಸರಗೋಡಿನ ಯಾವ ಕನ್ನಡ ಮನೆಯ ವಾಟ್ಸಾಪ್ ಗುಂಪನ್ನಾದರೂ ತೆರೆದು ನೋಡಿ. ಮಲಯಾಳ ಸಿನಿಮಾದ ಒಂದು ಚಿತ್ರ, ಅದರ ಮೇಲೆ ಕನ್ನಡದ ಸಾಲು, ಕೆಳಗೆ ತುಳುವಿನಲ್ಲಿ ಉತ್ತರ. ಕುಂಬಳೆಯಿಂದ ಹೊರಟದ್ದು ಬದಿಯಡ್ಕಕ್ಕೆ ಮುಟ್ಟುವಾಗ ಮಾತು ಬದಲಾಗಿರುತ್ತದೆ. ನಟನ ಮುಖ ಮಾತ್ರ ಅದೇ. ಮಕ್ಕಳು ಮೀಮ್ ಅನ್ನುವುದು ಇದಕ್ಕೇ.

ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡುವ ಚಾಳಿ ಇಂಟರ್ನೆಟ್‌ಗಿಂತ ಹಳೆಯದು. 1990ರ ದಶಕದಲ್ಲಿ ಬೆಂಗಳೂರಿನ ಕಡೆ ಮನೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು, ನೆನಪಿದೆಯಲ್ವಾ? ರಾತ್ರಿ ದೆವ್ವ ಬಂದು ಪರಿಚಯದವರ ಸ್ವರದಲ್ಲಿ ಕರೆಯುತ್ತದಂತೆ, ಬರಹ ಓದಿ ಹಿಂದೆ ಹೋಗುತ್ತದಂತೆ. ಓದು ಕಲಿತ ದೆವ್ವ, ಮಾರಾಯ್ರೇ! ನಮ್ಮಲ್ಲಾಗಿದ್ದರೆ ಕನ್ನಡದಲ್ಲಿ ಬರೆಯುವುದೋ ಮಲಯಾಳದಲ್ಲೋ ಎಂಬ ಚರ್ಚೆ ಮುಗಿಯುವಾಗ ಬೆಳಗಾಗುತ್ತಿತ್ತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿಯೂ ಹಾಗೆಯೇ. ಒಂದೇ ದಿನದಲ್ಲಿ ದೇಶ ಸುತ್ತಿ ವಿದೇಶಕ್ಕೂ ಹೋಯಿತು.

ಮರುವರ್ಷ, 1996ರಲ್ಲಿ, ಕಂಪ್ಯೂಟರಿನಲ್ಲಿ ಮಾಡಿದ ಕುಣಿಯುವ ಮಗುವೊಂದು ಇಮೇಲ್ ಹತ್ತಿ ಲೋಕ ತಿರುಗಿತು. ಜನ ನೋಡಿದರು, ಮುಂದೆ ಕಳುಹಿಸಿದರು, ಅಷ್ಟೇ. ಜಪಾನಿನ ಕಬೋಸು ಎಂಬ ನಾಯಿಯದು ಬೇರೆ ಕಥೆ. 2010ರಲ್ಲಿ ಒಡತಿ ಅದರ ಫೋಟೋ ಹಾಕಿದರು. ಓರೆಗಣ್ಣಿನ, ಏನೋ ಗುಮಾನಿಯ ನೋಟ. 2013ರ ಹೊತ್ತಿಗೆ ಜನ ಅದರ ಸುತ್ತ ಹರುಕುಮುರುಕು ಇಂಗ್ಲಿಷಿನಲ್ಲಿ ತೋಚಿದ್ದನ್ನೆಲ್ಲ ಬರೆಯತೊಡಗಿದರು. ಅದೇ ಡಿಸೆಂಬರಿನಲ್ಲಿ ಸುಮ್ನೆ ತಮಾಷೆಗೆ ಆ ನಾಯಿಯದೇ ಮುಖ ಹೊತ್ತ ಡೋಜ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಬಂತು. ಅದಕ್ಕೆ ಜನ ಸುರಿದದ್ದು ಮಾತ್ರ ನಿಜವಾದ ದುಡ್ಡು! 2024ರ ಮೇಯಲ್ಲಿ ನಾಯಿ ಸತ್ತಿತು. ನಾಣ್ಯ ಉಳಿಯಿತು.

ನನ್ನ ಪ್ರಕಾರ ಗುಟ್ಟಿರುವುದು ಖಾಲಿ ಜಾಗದಲ್ಲಿ. ಪೂರ್ತಿ ಮುಗಿದ ಜೋಕಿಗೆ ನಗುತ್ತೇವೆ, ಮರೆಯುತ್ತೇವೆ. ನಮ್ಮದೊಂದು ಮಾತು ಸೇರಿಸಲು ಎಡೆ ಇದ್ದರೆ ಅದು ಓಡುತ್ತದೆ. 2019ರ ಲೋಕಸಭಾ ಚುನಾವಣೆಯ ‘ನಿಖಿಲ್ ಎಲ್ಲಿದ್ದೀಯಪ್ಪಾ’ ನೋಡಿ. ಕುಮಾರಸ್ವಾಮಿಯವರು ಹಿಂದೆ ಯಾವಾಗಲೋ ವೇದಿಕೆಯಿಂದ ಮಗನನ್ನು ಕರೆದ ಮಾತು. ಮಗ ಮಂಡ್ಯದಲ್ಲಿ ಚುನಾವಣೆಗೆ ನಿಂತಾಗ ಮತ್ತೆ ಎದ್ದು ಬಂತು. ನಿಖಿಲ್ ತೆಗೆದು ಯಾರನ್ನು ಹಾಕಿದರೂ ಸರಿ. ಮಂಡ್ಯದಲ್ಲಿ ಓಟಿಲ್ಲದ ಮಂಜೇಶ್ವರದವರು ಬಾರದ ಬಸ್ಸನ್ನು ಹಾಗೆ ಕರೆಯಬಹುದು.

ಒಂದು ತಕರಾರು ಇದೆ. ಯಕ್ಷಗಾನದ ಹಾಸ್ಯಗಾರರ ಮಾತನ್ನು ಮರುದಿನ ಹೋಟೆಲಿನಲ್ಲಿ ಆಡುವಾಗ ಅವರ ಹೆಸರನ್ನೂ ಹೇಳುತ್ತೇವೆ. ಮೀಮ್ ಮಾಡಿದವನ ಹೆಸರು ಯಾರಿಗೂ ಬೇಡ. ಹೆಸರಿಲ್ಲದೆ ಓಡುವ ದಾರಿಯಲ್ಲಿ ತಮಾಷೆಯ ಜೊತೆ ಸುಳ್ಳೂ ಓಡುತ್ತದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಆಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿ ಹಾಕಿತು. 2020ರ ಏಪ್ರಿಲಿನಿಂದ ಜಾಸ್ತಿ ಸುತ್ತಿದ ಸಂದೇಶಕ್ಕೆ ಒಂದೇ ಕಡೆ. ಒಂದೊಂದಾಗಿ ಎಲ್ಲರಿಗೂ ಕಳುಹಿಸುವ ತಾಳ್ಮೆ ನಮ್ಮವರಿಗೆ ಬೇಕಾದಷ್ಟಿದೆ, ಅದು ಬೇರೆ ಮಾತು.

ನಮಸ್ಕಾರ.