ನರಕೋಶ ಜಾಲದ ಸಿಮ್ಯುಲೇಟರ್: ಮನೆಯ ಡೆಸ್ಕ್‌ಟಾಪಿಗೆ ಹಾಕಿಕೊಳ್ಳುವ ಬಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವರ ಜೊತೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದಲೂ ವಿದ್ಯಾರ್ಥಿಗಳು ಬಂದಿದ್ದೀರಿ. ಊರಿನಲ್ಲಿ ನೆಟ್ ನಿಧಾನ, ಮಳೆಗಾಲ ಹಿಡಿದರೆ ಕರೆಂಟಿಗೂ ಭರವಸೆ ಇಲ್ಲ. ಹಾಗಾಗಿ ನರಕೋಶಗಳ ಜಾಲವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದ, ಅಂದರೆ ಸಿಮ್ಯುಲೇಟರಿನ, ಕುರಿತ ಈ ಉಪನ್ಯಾಸವನ್ನು ಅಂಥ ಮನೆಯ ಕಂಪ್ಯೂಟರನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ್ದೇವೆ.

ಮೊದಲು ಯಾವ ತಂತ್ರಾಂಶ ಎಂಬುದು. ಒಂದೊಂದು ನರಕೋಶದ ಕವಲುಗಳು, ಅದರ ಪೊರೆಯ ಅಯಾನ್ ಚಾನೆಲ್‌ಗಳು (ವಿದ್ಯುದಂಶದ ಕಣಗಳು ಹಾದುಹೋಗುವ ಬಾಗಿಲುಗಳು), ಇಷ್ಟು ಸೂಕ್ಷ್ಮಕ್ಕೆ ಇಳಿಯುವವರಿಗೆ ‘ನ್ಯೂರಾನ್’ ಇದೆ. ಸರಳ ಕೋಶಗಳನ್ನು ಸಾವಿರ, ಲಕ್ಷದ ಲೆಕ್ಕದಲ್ಲಿ ಜೋಡಿಸುವವರಿಗೆ ‘ನೆಸ್ಟ್’. ಸಮೀಕರಣವನ್ನು ಪುಸ್ತಕದಲ್ಲಿದ್ದಂತೆಯೇ ಬರೆದು ಓಡಿಸಬೇಕೆನ್ನುವವರಿಗೆ ‘ಬ್ರಯಾನ್ 2’. ಹೊಸದಾಗಿ ಕಲಿಯುವವರು ಬ್ರಯಾನ್‌ನಿಂದಲೇ ಶುರು ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ವಿಂಡೋಸ್‌ನಲ್ಲಿ ನೇರವಾಗಿ ಕೂರುತ್ತದೆ, ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಹೇಳುತ್ತದೆ. 8 ಜಿಬಿ ರ‍್ಯಾಮ್ ಇರುವ 64 ಬಿಟ್ ಯಂತ್ರ ಸಾಕು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಬೇಡಿ, ಈ ಕೆಲಸಕ್ಕೆ ಅದು ಬೇಕಿಲ್ಲ.

ಬ್ರಯಾನ್ ನಡೆಯುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದನ್ನು ಹಾಕುವಾಗ ತೀರಾ ಇತ್ತೀಚಿನ ಆವೃತ್ತಿಯ ಬದಲು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದನ್ನು ಆರಿಸಿ. ಹೊಸ ಪೈಥಾನ್ ಬಂದ ಮೇಲೆ ಉಳಿದ ಪ್ಯಾಕೇಜುಗಳು ಅದಕ್ಕೆ ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ. ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗಡೆ ಪೈಥಾನನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚಿಕ್ಕ ಚೌಕವಿದೆ, ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ.

ಆಮೇಲೆ ಸಿ ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಸ್ಪೇಸ್ ಬೇಡ. ವಿಂಡೋಸ್ ಬಳಕೆದಾರರ ಹೆಸರು ಕನ್ನಡದಲ್ಲಿದ್ದರೆ ಅಥವಾ ಇನಿಷಿಯಲ್ ಜೊತೆ ಸ್ಪೇಸ್ ಬಿಟ್ಟು ಬರೆದಿದ್ದರೆ, ಆ ದಾರಿಯಲ್ಲಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಎಡವುವುದುಂಟು. ಫೋಲ್ಡರ್ ಒಳಗೆ ಪೈಥಾನ್ ಜೊತೆಗೇ ಬರುವ ವೆನ್ವ್ ಬಳಸಿ ಬೇರೆಯದೇ ಒಂದು ಎನ್ವಿರಾನ್‌ಮೆಂಟ್ (ಈ ಕೆಲಸದ ಪ್ಯಾಕೇಜುಗಳಿಗೆ ಮಾತ್ರ ಮೀಸಲಾದ ಜಾಗ) ಮಾಡಿ, ಅದನ್ನು ಆಕ್ಟಿವೇಟ್ ಮಾಡಿದ ಮೇಲೆ ಪೈಥಾನ್ ಪ್ಯಾಕೇಜುಗಳನ್ನು ತಂದು ಹಾಕುವ ಪಿಪ್‌ನಿಂದ ಬ್ರಯಾನ್ 2 ಹಾಕಿ. ಆ 2 ಬಿಟ್ಟುಹೋದರೆ ಪೈಥಾನ್ 2ರ ಕಾಲದ ಹಳೆಯ ಬ್ರಯಾನ್ ಬರುತ್ತದೆ, ಅದು ಇಂದಿನ ಪೈಥಾನ್‌ನಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತು: ನೀವು ಬರೆಯುವ ಫೈಲಿಗೆ ಬ್ರಯಾನ್2 ಎಂದೇ ಹೆಸರಿಡಬೇಡಿ. ಇಟ್ಟರೆ ಇಂಪೋರ್ಟ್ ಮಾಡುವಾಗ ಪೈಥಾನ್ ತಂತ್ರಾಂಶವನ್ನು ಬಿಟ್ಟು ನಿಮ್ಮ ಫೈಲನ್ನೇ ತೆರೆಯುತ್ತದೆ.

ಇನ್ನು ಕಂಪೈಲರ್. ನೀವು ಬರೆದ ಸಮೀಕರಣವನ್ನು ಬ್ರಯಾನ್ ಸಿ++ ಕೋಡ್ ಆಗಿ ಬದಲಿಸಿ, ಆ ಗಳಿಗೆಯಲ್ಲೇ ಕಂಪೈಲ್ ಮಾಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಬೇಕು, ಡೌನ್‌ಲೋಡ್ ಹಲವು ಜಿಬಿ. ಉಬುಂಟುವಿನಲ್ಲಿ ಬಿಲ್ಡ್ ಎಸೆನ್ಶಿಯಲ್ ಎಂಬ ಒಂದು ಪ್ಯಾಕೇಜ್ ಸಾಕು. ಕಂಪೈಲರ್ ಸಿಗದಿದ್ದರೆ ಬ್ರಯಾನ್ ಎಚ್ಚರಿಕೆ ಕೊಟ್ಟು ನಂಪೈ (ಪೈಥಾನ್‌ನ ಗಣಿತದ ಪ್ಯಾಕೇಜ್) ದಾರಿ ಹಿಡಿಯುತ್ತದೆ. ಉತ್ತರ ಬದಲಾಗುವುದಿಲ್ಲ, ವೇಗ ತಗ್ಗುತ್ತದೆ ಅಷ್ಟೆ. ಸಣ್ಣ ಜಾಲಕ್ಕೆ ಅದೇ ಸಾಕು. ಕಂಪೈಲರ್ ಇದ್ದಾಗ ಮೊದಲ ಸಲ ಪ್ರೋಗ್ರಾಂ ಸುಮ್ಮನೆ ಕೂತಂತೆ ಕಂಡರೆ ಗಾಬರಿಯಾಗಿ ನಿಲ್ಲಿಸಬೇಡಿ, ಒಳಗೆ ಕಂಪೈಲ್ ನಡೆಯುತ್ತಿರುತ್ತದೆ. ಎರಡನೇ ಸಲಕ್ಕೆ ಅದೇ ಕೋಡ್ ಕ್ಯಾಶ್‌ನಿಂದ, ಅಂದರೆ ಉಳಿಸಿಟ್ಟ ಪ್ರತಿಯಿಂದ, ಬರುತ್ತದೆ.

ಪಿಪ್ ‘ಯಶಸ್ವಿಯಾಗಿ ಇನ್‌ಸ್ಟಾಲ್ ಆಯಿತು’ ಎಂದರೆ ಫೈಲುಗಳು ಬಂದು ಸೇರಿದವು ಎಂದಷ್ಟೇ ಅರ್ಥ. ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕವನ್ನು ಓಡಿಸಿ ನೋಡುವವರೆಗೆ ಕೆಲಸ ಮುಗಿದಿಲ್ಲ. ಇದನ್ನು ಬರೆದುಕೊಳ್ಳಿ: ಒಂದೇ ನರಕೋಶ. ವೋಲ್ಟೇಜ್ ‘ವಿ’ ಸೊನ್ನೆಯಿಂದ ಶುರು. ಅದು ಬದಲಾಗುವ ದರ, 2ರಿಂದ ವಿ ಕಳೆದು 10 ಮಿಲಿಸೆಕೆಂಡಿನಿಂದ ಭಾಗಿಸಿದಷ್ಟು. ವಿ 1ನ್ನು ದಾಟಿದರೆ ಸ್ಪೈಕ್ (ಕೋಶ ಕೊಡುವ ಕ್ಷಣಿಕ ವಿದ್ಯುತ್ ಮಿಡಿತ), ಕೂಡಲೇ ಮತ್ತೆ ಸೊನ್ನೆ. ಕಾಗದದ ಮೇಲೆ ಬಿಡಿಸಿದರೆ ಎರಡು ಸ್ಪೈಕ್‌ಗಳ ನಡುವಿನ ಅಂತರ 10 ಗುಣಿಸು 2ರ ಸಹಜ ಲಾಗರಿದಮ್, ಅಂದರೆ 6.93 ಮಿಲಿಸೆಕೆಂಡ್. ಒಂದು ಸೆಕೆಂಡಿಗೆ 144 ಸ್ಪೈಕ್ ಬರಬೇಕು.

ಬ್ರಯಾನ್‌ನ ಕಾಲದ ಹೆಜ್ಜೆ ತಾನಾಗಿ 0.1 ಮಿಲಿಸೆಕೆಂಡ್ ಇರುತ್ತದೆ. ಸಮೀಕರಣವನ್ನು ನಿಖರವಾಗಿ ಬಿಡಿಸುವ ‘ಎಕ್ಸಾಕ್ಟ್’ ವಿಧಾನದಲ್ಲಿ ಒಂದು ಸೆಕೆಂಡ್ ಓಡಿಸಿ. ಮೊದಲ ಸ್ಪೈಕ್ 6.9ರಲ್ಲಿ, ಎರಡನೆಯದು 13.9ರಲ್ಲಿ, ಒಟ್ಟು 142 ಬರುತ್ತವೆ. ಎರಡು ಕಡಿಮೆ! ಇದು ಇನ್‌ಸ್ಟಾಲ್‌ನ ದೋಷವಲ್ಲ. ಮಿತಿ ದಾಟಿದ್ದನ್ನು ಸಿಮ್ಯುಲೇಟರ್ ಹೆಜ್ಜೆಯ ಕೊನೆಯಲ್ಲಷ್ಟೇ ನೋಡುತ್ತದೆ. 69 ಹೆಜ್ಜೆಗೆ ದಾಟಿರುವುದಿಲ್ಲ, 70ನೆಯದಕ್ಕೆ ದಾಟುತ್ತದೆ, ಹಾಗಾಗಿ ಅಂತರ 7.0 ಆಗುತ್ತದೆ. ಮೊದಲನೆಯದು 6.9 ಎಂದು ಕಾಣುವುದು, ಬ್ರಯಾನ್ ಆ ಹೆಜ್ಜೆ ಶುರುವಾದ ಗಳಿಗೆಯನ್ನು ಬರೆಯುವುದರಿಂದ. ಈಗ ಹೆಜ್ಜೆ ಹೆಜ್ಜೆಗೂ ಅಂದಾಜು ಮಾಡುತ್ತಾ ಹೋಗುವ ‘ಆಯ್ಲರ್’ ವಿಧಾನಕ್ಕೆ ಬದಲಿಸಿ. ಅಂತರ 6.9, ಸ್ಪೈಕ್ 144. ಒರಟು ವಿಧಾನವೇ ಸರಿ ಎಂದು ಮೋಸಹೋಗಬೇಡಿ, ಅಲ್ಲಿ ಎರಡು ತಪ್ಪುಗಳು, ಅಂದರೆ ಹೆಜ್ಜೆಯ ಕೊನೆಗೆ ನೋಡುವ ತಡ ಮತ್ತು ಆಯ್ಲರ್ ಅಂದಾಜಿನ ಅವಸರ, ಒಂದನ್ನೊಂದು ಹೊಡೆದುಹಾಕಿವೆ. ಎಕ್ಸಾಕ್ಟ್ ಇಟ್ಟುಕೊಂಡೇ ಹೆಜ್ಜೆಯನ್ನು 0.01ಕ್ಕೆ ಇಳಿಸಿದರೆ ಅಂತರ 6.94, ಸ್ಪೈಕ್ 144. ಈ ಮೂರೂ ಅಂಕಿ ಬಂದರೆ ನಿಮ್ಮ ಬ್ರಯಾನನ್ನು ನಂಬಬಹುದು. ಜೊತೆಗೆ, ಮುಂದೆ ಪ್ರಾಜೆಕ್ಟ್ ವರದಿಯಲ್ಲಿ ಹೆಜ್ಜೆಯ ಅಳತೆ, ವಿಧಾನದ ಹೆಸರು ಎರಡನ್ನೂ ಯಾಕೆ ಬರೆಯಬೇಕೆಂಬುದೂ ತಿಳಿದಂತಾಯಿತು.

ಮನೆಯಲ್ಲಿ ನೆಟ್ ಇಲ್ಲದವರು ಶಿವಮೊಗ್ಗದಲ್ಲೇ ಪಿಪ್ ಡೌನ್‌ಲೋಡ್ ಆಜ್ಞೆಯಿಂದ ಎಲ್ಲ ಪ್ಯಾಕೇಜನ್ನೂ ಒಂದು ಫೋಲ್ಡರಿಗೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಪೈಥಾನ್ ಇನ್‌ಸ್ಟಾಲರನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ. ಮನೆಯಲ್ಲಿ ಹಾಕುವಾಗ ನೆಟ್‌ನಲ್ಲಿ ಹುಡುಕಬೇಡ, ಈ ಫೋಲ್ಡರಿನಲ್ಲೇ ನೋಡು ಎಂದು ಪಿಪ್‌ಗೆ ಹೇಳುವ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಆಯ್ಕೆಗಳನ್ನು ಕೊಡಬೇಕು. ಎರಡೂ ಯಂತ್ರಗಳಲ್ಲಿ ಒಂದೇ ಆಪರೇಟಿಂಗ್ ಸಿಸ್ಟಮ್, ಒಂದೇ ಪೈಥಾನ್ ಆವೃತ್ತಿ ಇರಲೇಬೇಕು. 3.11ಕ್ಕೆ ಇಳಿಸಿದ ಫೈಲುಗಳು 3.12ರಲ್ಲಿ ಕೂರುವುದಿಲ್ಲ, ಹೊಂದುವ ಪ್ಯಾಕೇಜ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಅಷ್ಟು ದೂರ ಹೋದ ಮೇಲೆ ಗೊತ್ತಾದರೆ ಬೇಜಾರು, ಇಲ್ಲೇ ನೋಡಿಕೊಂಡು ಹೊರಡಿ.

ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋದರೆ ಅರ್ಧಂಬರ್ಧ ಆದದ್ದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಆ ಎನ್ವಿರಾನ್‌ಮೆಂಟ್ ಫೋಲ್ಡರನ್ನೇ ಅಳಿಸಿ ಮೊದಲಿಂದ ಮಾಡಿ. ಬೇರೆಯದಾಗಿ ಮಾಡಿಕೊಂಡದ್ದರ ಲಾಭ ಇದೇ. ದೀರ್ಘ ಸಿಮ್ಯುಲೇಶನ್‌ಗೆ ಯುಪಿಎಸ್ ಬೇಕು. ಅದರ ಜೊತೆಗೆ ಓಟವನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿನ ಕೊನೆಗೆ ‘ಸ್ಟೋರ್’ ಬಳಸಿ ಸ್ಥಿತಿಯನ್ನು ಫೈಲಿಗೆ ಉಳಿಸಿ. ಫೈಲಿನ ಹೆಸರು ಕೊಡುವುದನ್ನು ಮರೆತರೆ ಅದು ರ‍್ಯಾಮ್‌ನಲ್ಲೇ ಉಳಿದು, ಕರೆಂಟಿನ ಜೊತೆಗೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಪ್ಲಗ್ ತೆಗೆದರಷ್ಟೇ ಸಾಲದು, ನೆಟ್‌ನ ಲ್ಯಾನ್ ಕೇಬಲನ್ನೂ ಕಳಚಿ.

ರ‍್ಯಾಮ್ ಎಲ್ಲಿ ತುಂಬುತ್ತದೆ ಎಂಬುದನ್ನೂ ಲೆಕ್ಕ ಹಾಕಿಯೇ ಶುರು ಮಾಡಿ. 10,000 ಕೋಶ, ನೂರಕ್ಕೆ 10ರಂತೆ ಸಂಪರ್ಕ ಎಂದರೆ ಒಂದು ಕೋಟಿ ಸಿನಾಪ್ಸ್ (ಕೋಶದಿಂದ ಕೋಶಕ್ಕೆ ಇರುವ ಸಂಪರ್ಕ). ಪ್ರತಿಯೊಂದರ ತೂಕಕ್ಕೆ (ಸಂಪರ್ಕದ ಬಲಕ್ಕೆ) 8 ಬೈಟ್, ವಿಳಂಬಕ್ಕೆ 8, ಎರಡು ತುದಿಯ ಕೋಶಗಳ ಸಂಖ್ಯೆಗೆ ನಾಲ್ಕು ನಾಲ್ಕು, ಒಟ್ಟು 24 ಕೋಟಿ ಬೈಟ್. ಇದು 8 ಜಿಬಿಗೆ ಹೊರೆಯಲ್ಲ. ಆದರೆ 1,000 ಕೋಶಗಳ ವೋಲ್ಟೇಜನ್ನು 0.1 ಮಿಲಿಸೆಕೆಂಡಿಗೊಮ್ಮೆ 10 ಸೆಕೆಂಡ್ ದಾಖಲಿಸಿದರೆ 80 ಕೋಟಿ ಬೈಟ್ ಆಗುತ್ತದೆ! ಎಲ್ಲ ಕೋಶಗಳ ಸ್ಪೈಕ್ ದಾಖಲಿಸಿ, ವೋಲ್ಟೇಜ್ ಐದಾರು ಕೋಶಗಳದ್ದು ಸಾಕು.

ನೆಸ್ಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ 2ರಲ್ಲಿ ಉಬುಂಟು ಹಾಕಿ, ಅದರೊಳಗೆ ಕೊಂಡಾ ಫೋರ್ಜ್ ಎಂಬ ಪ್ಯಾಕೇಜ್ ಸಂಗ್ರಹದಿಂದ ನೆಸ್ಟ್ ತನ್ನಿ. ಮೊದಲು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ನಲ್ಲಿ) ವರ್ಚುವಲೈಸೇಶನ್ ಆನ್ ಆಗಿರಬೇಕು. ನ್ಯೂರಾನ್‌ಗೆ ವಿಂಡೋಸ್‌ನಲ್ಲಿ ಅದರದೇ ಇನ್‌ಸ್ಟಾಲರ್ ಇದೆ, ಲಿನಕ್ಸ್‌ನಲ್ಲಿ ಪಿಪ್ ಸಾಕು. ಚಾನೆಲ್ ವಿವರಿಸುವ ಮಾಡ್ ಫೈಲುಗಳನ್ನು ಮಾತ್ರ ಬೇರೆಯಾಗಿ ಕಂಪೈಲ್ ಮಾಡಿ, ಅದೇ ಫೋಲ್ಡರಿನಿಂದ ಓಡಿಸಬೇಕು. ಡೆನ್ಸಿಟಿ ಮೆಕಾನಿಸಂ ಹೆಸರಲ್ಲ ಎಂಬ ದೂರು ಬಂದರೆ ಹೆಸರನ್ನು ತಪ್ಪಾಗಿ ಬರೆದಿದ್ದೀರಿ, ಇಲ್ಲವೇ ಆ ಕಂಪೈಲ್ ಆದದ್ದು ಲೋಡ್ ಆಗಿಲ್ಲ.

ನ್ಯೂರಾನ್‌ನಲ್ಲಿ ತಾಪಮಾನ ತಾನಾಗಿ 6.3 ಡಿಗ್ರಿ ಇರುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ಸಮೀಕರಣಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ಅಕ್ಷತಂತುವಿನವು (ನರಕೋಶದ ಉದ್ದನೆಯ ಎಳೆ), ಆ ತಾಪಮಾನಕ್ಕೆ ಬರೆದವು. ನಮ್ಮ ಮೈಯ ಬಿಸಿ ಎಂದು 37 ಹಾಕಿದರೆ ಚಾನೆಲ್‌ಗಳು ಸುಮಾರು 29 ಪಟ್ಟು ಚುರುಕಾಗಿ, ಸ್ಪೈಕ್ ಕುಗ್ಗುತ್ತದೆ ಅಥವಾ ಏಳುವುದೇ ಇಲ್ಲ. ಆಗ ಇನ್‌ಸ್ಟಾಲ್ ಕೆಟ್ಟಿದೆ ಎಂದು ಎಲ್ಲವನ್ನೂ ಕಿತ್ತು ಮತ್ತೆ ಹಾಕುವ ಮೊದಲು ಆ ಒಂದು ಅಂಕಿಯನ್ನು ನೋಡಿ.