ಬಾನ್ಯೊಲೆ ರಸ್ತೆಯ ಮಾಮಾ ಶೆಲ್ಟರ್

ಕೇಳುಗರಿಗೆ ನಮಸ್ಕಾರ. ಪ್ಯಾರಿಸ್ಸಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಸೀನ್ ನದಿಯ ಆಸುಪಾಸಿನಲ್ಲೇ ಕೋಣೆ ಹುಡುಕುತ್ತಾರೆ. ಪೂರ್ವದ ಅಂಚಿನಲ್ಲಿರುವ 20ನೆಯ ವಿಭಾಗದತ್ತ, ಪೇರ್ ಲಾಷೇಸ್ ಸ್ಮಶಾನವನ್ನು ನೋಡಬಯಸುವವರನ್ನು ಬಿಟ್ಟರೆ, ಸುಳಿಯುವವರು ಕಡಿಮೆ. ಅಲ್ಲಿನ ಬಾನ್ಯೊಲೆ ರಸ್ತೆಯಲ್ಲಿ, ಹಿಂದೆ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡವಿದ್ದ ಜಾಗದಲ್ಲಿ, ತ್ರಿಗಾನೊ ಕುಟುಂಬವು 2008ರಲ್ಲಿ ಸುಮಾರು 170 ಕೋಣೆಗಳ ಹೋಟೆಲೊಂದನ್ನು ತೆರೆದು ಅದಕ್ಕೆ ‘ಮಾಮಾ ಶೆಲ್ಟರ್’ ಎಂದು ಹೆಸರಿಟ್ಟಿತು. ಈ ಹೋಟೆಲಿನ ಹೆಚ್ಚುಗಾರಿಕೆಯೆಲ್ಲ ಆ ಜಾಗದ ಆಯ್ಕೆಯಿಂದಲೇ ಹುಟ್ಟಿತೆಂಬುದು ನನ್ನ ನಂಬಿಕೆ.

ಈ ಕುಟುಂಬಕ್ಕೆ ಆತಿಥ್ಯ ಹೊಸದಲ್ಲ. 1950ರಲ್ಲಿ ಜೆರಾರ್ ಬ್ಲಿಟ್ಸ್ ಅವರು ಕ್ಲಬ್ ಮೆಡಿಟರೇನಿಯನ್ ಎಂಬ ಕಡಲತೀರದ ವಿಹಾರಕೂಟವನ್ನು ಆರಂಭಿಸಿದಾಗ ಅದಕ್ಕೆ ಡೇರೆಗಳನ್ನು ಒದಗಿಸಿದವರು ತ್ರಿಗಾನೊ ಮನೆತನದವರು. ಮುಂದೆ ಜಿಲ್ಬೇರ್ ತ್ರಿಗಾನೊ ಅದನ್ನು ದಶಕಗಳ ಕಾಲ ಮುನ್ನಡೆಸಿದರು. ಅವರ ನಂತರ ಅಧಿಕಾರ ವಹಿಸಿಕೊಂಡ ಮಗ ಸೆರ್ಜ್ 1997ರಲ್ಲಿ ಆ ಸ್ಥಾನವನ್ನು ಕಳೆದುಕೊಳ್ಳಬೇಕಾಯಿತು. ತಂದೆ ಬೆಳೆಸಿದ ಸಂಸ್ಥೆಯಿಂದ ಹೊರಬಿದ್ದ ಆ ಮನುಷ್ಯ, ಒಂದು ದಶಕದ ಬಳಿಕ, ತನ್ನ ಮಕ್ಕಳಾದ ಜೆರೆಮಿ ಮತ್ತು ಬೆಂಜಮಿನ್ ಅವರೊಡನೆ, ಕಡಲತೀರವನ್ನು ಬಿಟ್ಟು ನಗರದ ಬೀದಿಯಲ್ಲಿ ಮತ್ತೆ ಆರಂಭಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಒಳಾಂಗಣವನ್ನು ರೂಪಿಸಿದವರು ಹೆಸರಾಂತ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್. ಕಾಂಕ್ರೀಟನ್ನು ಮುಚ್ಚದೆ ಒರಟಾಗಿಯೇ ಬಿಟ್ಟು, ಭೋಜನಶಾಲೆಯ ಚಾವಣಿಯನ್ನು ಕರಿಹಲಗೆಯಂತೆ ಮಾಡಿ ಸೀಮೆಸುಣ್ಣದ ಬರಹ ಮತ್ತು ಚಿತ್ರಗಳಿಂದ ತುಂಬಿಸಿ, ಮಲಗುವ ಕೋಣೆಯ ದೀಪಗಳಿಗೆ ಮಕ್ಕಳ ಚಿತ್ರಕಥೆಗಳ ಪಾತ್ರಗಳ ಮುಖವಾಡ ತೊಡಿಸಿದರು. ಕೋಣೆಗಳು ಚಿಕ್ಕವು, ಆದರೆ ಹಾಸಿಗೆ ಒಳ್ಳೆಯದು. ಗೋಡೆಯ ಮೇಲಿನ ಕಂಪ್ಯೂಟರ್ ಪರದೆಯಲ್ಲಿ ಚಲನಚಿತ್ರಗಳನ್ನು ಉಚಿತವಾಗಿ ನೋಡಬಹುದಿತ್ತು. ಅಮೃತಶಿಲೆಗೆ ಸುರಿಯಬಹುದಾಗಿದ್ದ ಹಣವನ್ನು ಹೀಗೆ ಕಲ್ಪನೆಯಿಂದ ಉಳಿಸಿದ್ದರಿಂದಲೇ, ಹೆಸರಾಂತ ಕೈಯ ಕೆಲಸ ಸಾಧಾರಣ ಆದಾಯದ ಪ್ರಯಾಣಿಕನಿಗೂ ಎಟಕುವಂತಾಯಿತು.

ಇನ್ನೂ ಮುಖ್ಯವಾದದ್ದು ನೆಲಮಹಡಿ. ಉದ್ದನೆಯ ಮೇಜುಗಳು, ಬಾರು, ಪಿಜ್ಜಾ ಒಲೆ, ಕೈಯಿಂದ ಆಡುವ ಫುಟ್‌ಬಾಲ್ ಮೇಜು ಇರುವ ಆ ವಿಶಾಲ ಸ್ಥಳವು ಕೋಣೆ ಹಿಡಿದವರಿಗೆ ಮಾತ್ರ ಮೀಸಲಲ್ಲ. ಬಡಾವಣೆಯ ಜನ ಸಂಜೆ ಅಲ್ಲಿಗೆ ಊಟಕ್ಕೆ, ಹರಟೆಗೆ ಬರುತ್ತಾರೆ. ಎದುರಿಗೇ ಹಳೆಯ ವರ್ತುಲ ರೈಲುಮಾರ್ಗದ ಷಾರೋನ್ ನಿಲ್ದಾಣವು ಸಂಗೀತ ಕಛೇರಿಗಳ ತಾಣವಾಗಿ ಮಾರ್ಪಟ್ಟಿದ್ದರಿಂದ, ಆ ಬೀದಿಗೆ ಸಂಜೆಯ ಓಡಾಟ ಮೊದಲೇ ಇತ್ತು. ಕೋಣೆಗಳು ಖಾಲಿಯಿದ್ದ ದಿನವೂ ಮೇಜುಗಳು ತುಂಬಿದರೆ ಆದಾಯ ನಿಲ್ಲುವುದಿಲ್ಲ. ದೂರದಿಂದ ಬಂದ ಅತಿಥಿಗೂ, ತನ್ನಂಥ ಪ್ರವಾಸಿಗರ ಬದಲು, ಆ ಊರಿನವರೇ ಪಕ್ಕದಲ್ಲಿ ಕುಳಿತಿರುತ್ತಾರೆ.

ಬಳಿಕ ಮಾರ್ಸೇ, ಲಿಯೊನ್, ಬೋರ್ದೋ, ಲಾಸ್ ಏಂಜಲೀಸ್, ರಿಯೊ, ಲಂಡನ್ ಮುಂತಾದೆಡೆ ಶಾಖೆಗಳಾದವು. 2014ರಲ್ಲಿ ಅಕೋರ್ ಎಂಬ ಬೃಹತ್ ಹೋಟೆಲ್ ಸಂಸ್ಥೆ ಶೇಕಡ 35ರಷ್ಟು ಪಾಲು ಪಡೆಯಿತು. ಬಂಡವಾಳ ದೊಡ್ಡದಾದಂತೆ ಜಾಗದ ಆಯ್ಕೆಯೂ ಬದಲಾಗುತ್ತದೆ: ಬೆಲ್‌ಗ್ರೇಡಿನ ಶಾಖೆ ನಗರದ ನಡುವಿನ ಶಾಪಿಂಗ್ ಮಾಲ್ ಒಂದರ ಮೇಲಿದೆ. ಅಲ್ಲಿಯೂ ಬಣ್ಣವಿದೆ, ಆಟವಿದೆ. ಆದರೆ ಬೀದಿಗೆ ನೇರವಾಗಿ ತೆರೆದುಕೊಳ್ಳುವ ಬಾಗಿಲಿನ ಜಾಗವನ್ನು ಲಿಫ್ಟು ತುಂಬಲಾರದು. ತುಲೂಸ್ ನಗರದಲ್ಲಿ ಅವರು ಆರಿಸಿಕೊಂಡದ್ದು ಊರವರೆಲ್ಲ ಬಲ್ಲ ಹಳೆಯ ಚಿತ್ರಮಂದಿರದ ತಾಣವನ್ನು. ಮುಂದಿನ ಶಾಖೆಗಳಿಗೂ ಅಂಥ ವಿಳಾಸಗಳನ್ನೇ ಹುಡುಕಲಿ ಎಂದು ನಾನು ಬಯಸುತ್ತೇನೆ.